ಹಳೆಯ ಕೇಬಲ್‌ನಲ್ಲೇ ಹೊಸ ವೇಗವೇ, ಇಲ್ಲ ಮನೆತನಕ ಫೈಬರೇ? ಕಾಸರಗೋಡಿನ ಕಂಬಗಳ ಮೇಲಿನ ಲೆಕ್ಕಾಚಾರ

ಒಂದೇ ವಿಷಯದ ಬಗ್ಗೆ ಎರಡು ಸುದ್ದಿಗಳು ಬರುತ್ತಿವೆ, ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಟಿವಿಗೆಂದು ದಶಕಗಳ ಹಿಂದೆ ಎಳೆದ ಕೇಬಲ್‌ನಲ್ಲೇ ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಗಿಗಾಬಿಟ್ ಮಟ್ಟದ ಇಂಟರ್‌ನೆಟ್ ಕೊಡುವ ಕೆಲಸವನ್ನು ಅಮೆರಿಕದ ಕಾಮ್‌ಕಾಸ್ಟ್ ಕಂಪನಿ 2023ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಅದಕ್ಕೆ ಎರಡು ವರ್ಷ ಮೊದಲೇ ಬ್ರಿಟನ್ನಿನ ವರ್ಜಿನ್ ಮೀಡಿಯಾ ಒ2, ತನ್ನ ಇಡೀ ಕೇಬಲ್ ಜಾಲವನ್ನು 2028ರೊಳಗೆ ಫೈಬರ್‌ಗೆ, ಅಂದರೆ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಗಾಜಿನ ಎಳೆಗೆ, ಬದಲಾಯಿಸುವುದಾಗಿ ಪ್ರಕಟಿಸಿತ್ತು. ಇತ್ತ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಕೇಬಲಿನವರು ಮನೆಗೆ ಬಂದು, ‘ಹಳೆಯ ಕೇಬಲ್ ಸಾಲದು, ಫೈಬರ್ ಹಾಕಿಸಿಕೊಳ್ಳಿ, ಮೋಡೆಮ್ ಬದಲಾಗುತ್ತದೆ’ ಎನ್ನುತ್ತಾರೆ. ಪೇಟೆಯ ಕೆಲವು ಕಟ್ಟಡಗಳಲ್ಲಿ ಅದೇ ಹಳೆಯ ಕಪ್ಪು ಕೇಬಲ್ ಉಳಿದು, ಮೋಡೆಮ್ ಮಾತ್ರ ಬದಲಾಗುತ್ತದೆ.

ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು? ಯಾರೂ ಅಲ್ಲ. ಕೇಬಲ್ ಹಳೆಯದೋ ಹೊಸದೋ ಎಂಬುದಕ್ಕಿಂತ, ಫೈಬರ್ ಎಲ್ಲಿಯವರೆಗೆ ಬಂದು ನಿಂತಿದೆ, ಅಲ್ಲಿಂದ ಆಚೆ ಎಷ್ಟು ಮನೆಗಳಿವೆ, ಆ ಮನೆಗಳು ಎಷ್ಟು ದೂರದಲ್ಲಿವೆ ಎಂಬ ಮೂರು ಸಂಗತಿಗಳ ಮೇಲೆ ಉತ್ತರ ನಿಂತಿದೆ. ಕಾಸರಗೋಡಿನ ಮಟ್ಟಿಗೆ ಈ ಮೂರೂ ಪೇಟೆಯಲ್ಲಿ ಒಂದು ಬಗೆ, ತೋಟದ ಒಳಗಿನ ಮನೆಗಳಲ್ಲಿ ಇನ್ನೊಂದು ಬಗೆ. ಎರಡಕ್ಕೂ ಒಂದೇ ಔಷಧ ಬರೆದರೆ ಒಳನಾಡಿನವರು ಕೈಬಿಟ್ಟುಹೋಗುತ್ತಾರೆ. ಈ ಆತಂಕ ನಿಜವಾದದ್ದು.

ಕಪ್ಪು ಕೇಬಲ್‌ನೊಳಗೆ ಇರುವುದೇನು

ಕೇಬಲ್ ಇಂಟರ್‌ನೆಟ್ ಎಂದು ನಾವು ಕರೆಯುವ ಜಾಲ ಪೂರ್ತಿ ತಾಮ್ರದ್ದಲ್ಲ. ಕೇಬಲ್ ಕಂಪನಿಯ ಮುಖ್ಯ ಕೇಂದ್ರದಿಂದ ಊರಿನ ತನಕ ಬರುವುದು ಫೈಬರ್. ಊರಿನ ಯಾವುದೋ ಕಂಬದ ಮೇಲೆ ಒಂದು ಪೆಟ್ಟಿಗೆ ಇರುತ್ತದೆ, ಅದಕ್ಕೆ ನೋಡ್ ಎನ್ನುತ್ತಾರೆ. ಅಲ್ಲಿ ಬೆಳಕಿನ ಸಂಕೇತ ವಿದ್ಯುತ್ ಸಂಕೇತವಾಗಿ ಬದಲಾಗುತ್ತದೆ. ಅಲ್ಲಿಂದ ಮನೆಗಳಿಗೆ ಹೋಗುವುದು ಕೋಆಕ್ಸಿಯಲ್ ಕೇಬಲ್: ನಡುವೆ ಒಂದು ತಂತಿ, ಸುತ್ತ ನಿರೋಧಕ, ಅದರ ಮೇಲೆ ಹೆಣೆದ ಲೋಹದ ಕವಚ, ಹೊರಗೆ ಕಪ್ಪು ಹೊದಿಕೆ. ದಾರಿಯುದ್ದಕ್ಕೂ ಸಂಕೇತವನ್ನು ಎತ್ತಿಕೊಡುವ ಆಂಪ್ಲಿಫೈಯರ್‌ಗಳು, ಕವಲೊಡೆಸುವ ಟ್ಯಾಪ್ ಮತ್ತು ಸ್ಪ್ಲಿಟರ್‌ಗಳು.

ಈ ಕೇಬಲ್ ಒಂದು ಅಗಲವಾದ ರಸ್ತೆಯಂತೆ. ನಮ್ಮ ದೇಶದಲ್ಲಿ ಅದನ್ನು 8 ಮೆಗಾಹರ್ಟ್ಸ್‌ನ ಪಟ್ಟಿಗಳಾಗಿ ವಿಂಗಡಿಸುತ್ತಾರೆ. ಸುಮಾರು 110ರಿಂದ 862 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ ಇಂಥ ತೊಂಬತ್ತಕ್ಕೂ ಹೆಚ್ಚು ಪಟ್ಟಿಗಳು ಹಿಡಿಯುತ್ತವೆ. ಡಿಜಿಟಲ್ ಟಿವಿಯ ಹತ್ತಿಪ್ಪತ್ತು ಚಾನೆಲ್‌ಗಳು ಒಂದು ಪಟ್ಟಿಯಲ್ಲಿ ಕೂರುತ್ತವೆ. ಅದೇ ಒಂದು ಪಟ್ಟಿಯನ್ನು ಇಂಟರ್‌ನೆಟ್‌ಗೆ ಕೊಟ್ಟರೆ ಸುಮಾರು 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್; ಸಾವಿರ ಮೆಗಾಬಿಟ್ ಎಂದರೆ ಒಂದು ಗಿಗಾಬಿಟ್) ಸಿಗುತ್ತದೆ. ಗ್ರಾಮೀಣ ಪ್ರದೇಶಕ್ಕೂ ಕೇಬಲ್ ಟಿವಿಯ ಡಿಜಿಟಲೀಕರಣ ಮುಗಿಯಬೇಕಾಗಿದ್ದ ಕೊನೆಯ ಗಡುವು 2017ರ ಮಾರ್ಚ್ 31. ಅನಲಾಗ್ ಚಾನೆಲ್‌ಗಳು ಒಂದೊಂದೇ ಒಂದೊಂದು ಪಟ್ಟಿಯನ್ನು ನುಂಗುತ್ತಿದ್ದ ಕಾಲ ಆಗ ಮುಗಿಯಿತು, ಖಾಲಿಯಾದ ಪಟ್ಟಿಗಳು ಇಂಟರ್‌ನೆಟ್‌ಗೆ ಸಿಕ್ಕವು. ಕೇಬಲಿನವರು ಬ್ರಾಡ್‌ಬ್ಯಾಂಡ್ ಮಾರುವುದು ಸುಲಭವಾದದ್ದು ಹೀಗೆ.

ಸಂಜೆ ಎಂಟಕ್ಕೆ ಏಕೆ ತಡವರಿಸುತ್ತದೆ

ನೋಡ್‌ನ ಆಚೆಗಿರುವ ಮನೆಗಳೆಲ್ಲ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಎಂಟು ಪಟ್ಟಿಗಳನ್ನು ಜೋಡಿಸಿದರೆ ಒಟ್ಟು 400 ಎಂಬಿಪಿಎಸ್. ಒಂದು ನೋಡ್‌ಗೆ 200 ಗ್ರಾಹಕರಿದ್ದಾರೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆಳಿಗ್ಗೆ ಹತ್ತು ಮಂದಿ ಬಳಸುತ್ತಿದ್ದರೆ ತಲಾ 40 ಸಿಗುತ್ತದೆ. ಸಂಜೆ ಎಂಟು ಗಂಟೆಗೆ ಎಂಬತ್ತು ಮಂದಿ ಒಮ್ಮೆಗೇ ವಿಡಿಯೊ ನೋಡಲು ಕುಳಿತರೆ ತಲಾ 5. ಪ್ಲಾನ್‌ನಲ್ಲಿ 100 ಎಂಬಿಪಿಎಸ್ ಎಂದು ಬರೆದಿದ್ದರೂ ಸಿಗುವುದು ಅಷ್ಟೇ. ಕಂಪನಿ ಕಡಿಮೆ ಕೊಡುತ್ತಿದೆ ಎಂದು ನಾವು ಬೈಯುತ್ತೇವೆ, ಆದರೆ ಹೆಚ್ಚಿನ ಸಲ ಕಾರಣ ನೋಡ್‌ನ ಜನಸಂದಣಿ.

ಆದ್ದರಿಂದ ಮೇಲ್ದರ್ಜೆಗೇರಿಸುವ ಕೆಲಸದ ಮೊದಲ ಹೆಜ್ಜೆ ನೋಡ್ ಒಡೆಯುವುದು. ಇನ್ನೂರು ಮನೆಗೆ ಇರುವ ಒಂದು ನೋಡ್‌ನ ಜಾಗದಲ್ಲಿ ನಾಲ್ಕು ನೋಡ್ ಇಟ್ಟರೆ, ಕೇಬಲ್ ಅದೇ ಇದ್ದರೂ ಪ್ರತಿ ಮನೆಯ ಪಾಲು ನಾಲ್ಕು ಪಟ್ಟಾಗುತ್ತದೆ. ಇದಕ್ಕೆ ಫೈಬರನ್ನು ಇನ್ನಷ್ಟು ಮುಂದಕ್ಕೆ ತರಬೇಕು. ಕೇಬಲ್ ಇಂಟರ್‌ನೆಟ್ ವೇಗವಾಗುವುದೆಂದರೆ ಬಹುಪಾಲು ಫೈಬರ್ ನಮ್ಮ ಮನೆಗೆ ಹತ್ತಿರವಾಗುವುದೇ.

ಅಪ್‌ಲೋಡ್ ಎಂಬ ಇಕ್ಕಟ್ಟಿನ ಓಣಿ

ಜಾಹೀರಾತುಗಳಲ್ಲಿ ಕಾಣುವ ಅಂಕಿ ಡೌನ್‌ಲೋಡ್‌ನದ್ದು. ಆದರೆ ಹಳೆಯ ಕೇಬಲ್ ಜಾಲದ ನಿಜವಾದ ಬಾಧೆ ಇರುವುದು ಅಪ್‌ಲೋಡ್‌ನಲ್ಲಿ.

ಟಿವಿ ಜಾಲ ಕಟ್ಟಿದವರು ಸಂಕೇತ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು ತಿಳಿದೇ ಕಟ್ಟಿದರು. ಮನೆಯಿಂದ ಹಿಂದಕ್ಕೆ ಹೋಗುವ ಸಂಕೇತಕ್ಕೆ ಆಮೇಲೆ ಕೊಟ್ಟ ಜಾಗ 5ರಿಂದ 65 ಮೆಗಾಹರ್ಟ್ಸ್. ಅದರಲ್ಲೂ ಕೆಳಗಿನ ಭಾಗ ಗದ್ದಲದ ಸಂತೆ. ಮೋಟರ್ ಪಂಪು, ಹಳೆಯ ಟ್ಯೂಬ್‌ಲೈಟ್, ಮಿಕ್ಸಿ, ಸಡಿಲಾದ ಕನೆಕ್ಟರ್‌ಗಳೆಲ್ಲ ಹೊರಡಿಸುವ ಗದ್ದಲ ಅಲ್ಲೇ ಸೇರಿಕೊಳ್ಳುತ್ತದೆ. ಉಳಿದ ಜಾಗದಲ್ಲಿ ನಾಲ್ಕು ಕಿರಿದಾದ ಪಟ್ಟಿಗಳನ್ನು ಹೇಗೋ ಹೊಂದಿಸಿದರೆ ಇಡೀ ನೋಡ್‌ಗೆ ಸಿಗುವುದು ಸುಮಾರು 100 ಎಂಬಿಪಿಎಸ್. ಅದನ್ನೇ ಎಲ್ಲ ಮನೆಗಳೂ ಹಂಚಿಕೊಳ್ಳಬೇಕು.

ಗದ್ದಲದ ಇನ್ನೊಂದು ಗುಣವೂ ಇದೆ. ಕೆಳಮುಖವಾಗಿ ಬರುವ ಸಂಕೇತದಲ್ಲಿ ದೋಷವಿದ್ದರೆ ಆ ಒಂದು ಮನೆಗೆ ಮಾತ್ರ ತೊಂದರೆ. ಮೇಲ್ಮುಖದ ದಾರಿಯಲ್ಲಿ ಹಾಗಲ್ಲ, ಎಲ್ಲ ಮನೆಗಳ ಗದ್ದಲವೂ ತೋಡುಗಳು ಹೊಳೆಗೆ ಸೇರುವಂತೆ ನೋಡ್‌ನ ಬಾಯಲ್ಲಿ ಬಂದು ಒಟ್ಟುಗೂಡುತ್ತದೆ. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದ ಒಂದು ಕನೆಕ್ಟರ್, ಟೇಪು ಸುತ್ತಿ ಜೋಡಿಸಿದ ಒಂದು ತುಂಡು ಕೇಬಲ್ ಇಡೀ ಬೀದಿಯ ಅಪ್‌ಲೋಡ್ ಕೆಡಿಸಬಲ್ಲದು. ತಪ್ಪು ಯಾರ ಮನೆಯದೆಂದು ಹುಡುಕಲು ಒಂದೊಂದೇ ಟ್ಯಾಪ್ ಬಿಚ್ಚಿ ನೋಡಬೇಕು, ಬೇರೆ ದಾರಿಯಿಲ್ಲ.

ಇಪ್ಪತ್ತು ವರ್ಷದ ಹಿಂದೆ ಇದು ದೊಡ್ಡ ಸಂಗತಿಯಾಗಿರಲಿಲ್ಲ. ಈಗ ಆಗಿದೆ. ಸರ್ಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿದ ದಾಖಲೆ ಏರಿಸುವುದು, ಗಲ್ಫ್‌ನಲ್ಲಿರುವ ಮಗನ ಜೊತೆ ವಿಡಿಯೊ ಕರೆ, ಮನೆಯಿಂದಲೇ ಮಂಗಳೂರಿನ ಅಥವಾ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವುದು, ತೋಟದ ಕಾವಲಿಗೆ ಹಾಕಿದ ಕ್ಯಾಮೆರಾ ಎಲ್ಲವೂ ಅಪ್‌ಲೋಡನ್ನೇ ನೆಚ್ಚಿಕೊಂಡಿವೆ. 2020ರ ಜೂನ್‌ನಲ್ಲಿ ಕೇರಳದ ಶಾಲಾ ಪಾಠಗಳು ‘ಫಸ್ಟ್ ಬೆಲ್’ ಹೆಸರಿನಲ್ಲಿ ತೆರೆಗೆ ಬಂದಾಗ ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಪಾಠ ನೋಡಲು ಡೌನ್‌ಲೋಡ್ ಸಾಕಿತ್ತು. ಶಿಕ್ಷಕರ ಜೊತೆ ಮಾತಾಡಲು, ಬರೆದದ್ದನ್ನು ಕಳಿಸಲು ಅಪ್‌ಲೋಡ್ ಬೇಕಿತ್ತು. ಎಷ್ಟೋ ಮನೆಗಳಲ್ಲಿ ತಡೆ ಬಿದ್ದದ್ದು ಎರಡನೆಯದಕ್ಕೆ.

ಹಳೆಯ ಕೇಬಲ್‌ಗೆ ಹೊಸ ಜೀವ ಕೊಡುವುದೆಂದರೆ

ಕೇಬಲ್‌ನಲ್ಲಿ ಇಂಟರ್‌ನೆಟ್ ಸಾಗಿಸುವ ನಿಯಮಾವಳಿಗೆ ಡಾಕ್ಸಿಸ್ ಎಂದು ಹೆಸರು. ಮೊದಲ ಆವೃತ್ತಿ 1997ರಲ್ಲಿ ಬಂತು. ಪಟ್ಟಿಗಳನ್ನು ಜೋಡಿಸಿ ಬಳಸುವ 3.0 ಆವೃತ್ತಿ 2006ರಲ್ಲಿ, ಅದೇ ಕೇಬಲ್‌ನಲ್ಲಿ ಇನ್ನಷ್ಟು ಒತ್ತಾಗಿ ಮಾಹಿತಿ ತುಂಬುವ 3.1 ಆವೃತ್ತಿ 2013ರಲ್ಲಿ, ಈಗ ಸುದ್ದಿಯಲ್ಲಿರುವ 4.0 ಆವೃತ್ತಿ 2020ರಲ್ಲಿ ಬಂದವು. 4.0ರ ಸೈದ್ಧಾಂತಿಕ ಮಿತಿ ಡೌನ್‌ಲೋಡ್‌ಗೆ 10 ಗಿಗಾಬಿಟ್, ಅಪ್‌ಲೋಡ್‌ಗೆ 6 ಗಿಗಾಬಿಟ್. ‘ಹಳೆಯ ಕೇಬಲ್‌ನಲ್ಲೇ ಹತ್ತು ಗಿಗಾಬಿಟ್’ ಎಂಬ ಸುದ್ದಿಯ ಮೂಲ ಇದು.

ಆ ಸುದ್ದಿಯಲ್ಲಿ ಬಿಟ್ಟುಹೋಗುವ ಭಾಗವೇ ಮುಖ್ಯವಾದದ್ದು. ಕೇಬಲ್ ಹಳೆಯದೇ ಇರಬಹುದು, ಆದರೆ ಅದರ ಮೇಲೆ ಕೂತಿರುವ ಬಹುತೇಕ ಎಲ್ಲವನ್ನೂ ಬದಲಾಯಿಸಬೇಕು. ಅಪ್‌ಲೋಡ್ ದಾರಿಯನ್ನು 65ರಿಂದ 204 ಮೆಗಾಹರ್ಟ್ಸ್‌ಗೆ ಹಿಗ್ಗಿಸಬೇಕೆಂದರೆ ದಾರಿಯಲ್ಲಿರುವ ಪ್ರತಿ ಆಂಪ್ಲಿಫೈಯರ್‌ನ ಮುಚ್ಚಳ ತೆರೆಯಬೇಕು, ಏಕೆಂದರೆ ಎಲ್ಲಿಯವರೆಗೆ ಹೋಗುವ ದಾರಿ, ಎಲ್ಲಿಂದ ಬರುವ ದಾರಿ ಎಂದು ವಿಂಗಡಿಸುವ ಜರಡಿ ಅದರೊಳಗಿದೆ. 4.0 ಪೂರ್ತಿ ಬೇಕೆಂದರೆ 1,794 ಮೆಗಾಹರ್ಟ್ಸ್‌ವರೆಗೆ ಸಂಕೇತ ಹಾಯಿಸಬೇಕು. ಹಳೆಯ ಟ್ಯಾಪ್, ಸ್ಪ್ಲಿಟರ್‌ಗಳು ಅದರ ಅರ್ಧಕ್ಕೇ ಸುಸ್ತಾಗುತ್ತವೆ.

ಜೊತೆಗೆ ದೂರದ ಲೆಕ್ಕವಿದೆ. ಆವರ್ತನ ಏರಿದಂತೆ ಕೋಆಕ್ಸಿಯಲ್ ಕೇಬಲ್‌ನಲ್ಲಿ ಸಂಕೇತ ಬೇಗ ಸೊರಗುತ್ತದೆ. ಮನೆಗೆ ಎಳೆಯುವ ಸಾಮಾನ್ಯ ಆರ್‌ಜಿ-6 ಕೇಬಲ್‌ನ 100 ಮೀಟರ್ ಉದ್ದದಲ್ಲಿ, 1,000 ಮೆಗಾಹರ್ಟ್ಸ್‌ನ ಸಂಕೇತ ಸುಮಾರು 20 ಡೆಸಿಬೆಲ್ ಕಳೆದುಕೊಳ್ಳುತ್ತದೆ, ಅಂದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಫೈಬರ್‌ನಲ್ಲಿ ಅಷ್ಟು ನಷ್ಟವಾಗಲು ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕು. ಅಮೆರಿಕದ ಬಡಾವಣೆಯಲ್ಲಿ ಮನೆಗಳು ಸಾಲಾಗಿವೆ, ಕೇಬಲ್ ನೆಲದಡಿ ಇದೆ ಅಥವಾ ದಪ್ಪನೆಯದಾಗಿದೆ. ನೋಡ್‌ನಿಂದ ಕೊನೆಯ ಮನೆಗೆ ಅಂತರ ಕಡಿಮೆ. ಅಲ್ಲಿ ಈ ಲೆಕ್ಕ ಒಗ್ಗುತ್ತದೆ.

ತೋಟದ ಮನೆಗೆ ಲೆಕ್ಕ ತಿರುಗುವುದು ಇಲ್ಲಿ

ಎಣ್ಮಕಜೆ, ಪೈವಳಿಕೆ, ಮೀಂಜ, ಬೆಳ್ಳೂರು, ದೇಲಂಪಾಡಿ ಪಂಚಾಯಿತುಗಳ ಊರುಗಳನ್ನು ನೆನಪಿಸಿಕೊಳ್ಳಿ. ರಸ್ತೆಯ ಕಂಬದಿಂದ ಇಳಿಜಾರಿನಲ್ಲಿ ಅಡಿಕೆ ತೋಟ ದಾಟಿ ಕೆಳಗೆ ಒಂದು ಮನೆ. ಮುಂದಿನ ಮನೆ ಗುಡ್ಡದ ಆ ಮಗ್ಗುಲಲ್ಲಿ. ಐದಾರು ಆಂಪ್ಲಿಫೈಯರ್ ದಾಟಿ ಬಂದ ಸಂಕೇತ ಕೊನೆಯ ಮನೆಗೆ ತಲುಪುವಷ್ಟರಲ್ಲಿ ಬಸವಳಿದಿರುತ್ತದೆ. ಪ್ರತಿ ಆಂಪ್ಲಿಫೈಯರ್ ಸಂಕೇತದ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ.

ಮಳೆಗಾಲದಲ್ಲಿ ಒಂದು ಆಂಪ್ಲಿಫೈಯರ್ ಪೆಟ್ಟಿಗೆಯ ಅವಸ್ಥೆ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಮುಚ್ಚಳದ ಅಂಚಿನ ರಬ್ಬರ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಕೇಬಲ್ ಒಳಹೊಗುವಲ್ಲಿ ಹನಿ ಇಳಿಯಲು ಬಾಗು ಬಿಟ್ಟಿಲ್ಲದಿದ್ದರೆ ನೀರು ನೇರವಾಗಿ ಕನೆಕ್ಟರಿಗೆ ಹರಿಯುತ್ತದೆ. ಹಸಿರು ಬಣ್ಣದ ಕಿಲುಬು ಹಿಡಿದ ನಡುತಂತಿ ಟಿವಿಯ ಚಿತ್ರವನ್ನು ಹೇಗೋ ತಂದುಕೊಡುತ್ತದೆ, ಇಂಟರ್‌ನೆಟ್ ಮಾತ್ರ ಬಿಟ್ಟು ಬಿಟ್ಟು ಬರುತ್ತದೆ. ಅದರ ಮೇಲೆ ಒಂದು ತೆಂಗಿನ ಮಡಲು ಬಿದ್ದರೆ, ಒಂದು ಸಿಡಿಲು ಬಡಿದರೆ ಅಲ್ಲಿಂದಾಚೆಯ ಮನೆಗಳೆಲ್ಲ ಕತ್ತಲೆ. ಲೋಹದ ಕೇಬಲ್ ಸಿಡಿಲಿನ ವಿದ್ಯುತ್ತನ್ನು ಮೋಡೆಮ್ ತನಕವೂ ತರುತ್ತದೆ. ಸಿಡಿಲಿನ ದಿನಗಳಲ್ಲಿ ಮೋಡೆಮ್‌ನ ಕೇಬಲ್ ಕಳಚಿಡುವ ಮನೆಗಳು ಎಷ್ಟಿವೆ ಎಂಬುದು ಇಲ್ಲಿನವರಿಗೆ ಗೊತ್ತು.

ವಿದ್ಯುತ್ತಿನ ವಿಷಯವೂ ಸೇರಿಕೊಳ್ಳುತ್ತದೆ. ಆಂಪ್ಲಿಫೈಯರ್ ನಡೆಯಲು ವಿದ್ಯುತ್ ಬೇಕು, ಅದು ಅದೇ ಕೇಬಲ್ ಮೂಲಕ ಯಾವುದೋ ಒಂದು ಕಂಬದ ಬುಡದಿಂದ ಬರುತ್ತದೆ. ಆ ಜಾಗದಲ್ಲಿ ವಿದ್ಯುತ್ ಹೋಗಿ ಬ್ಯಾಟರಿ ಮುಗಿದರೆ, ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಇಂಟರ್‌ನೆಟ್ ಇಲ್ಲ.

ಮನೆತನಕದ ಫೈಬರ್‌ನಲ್ಲಿ ಈ ಸಮಸ್ಯೆ ಬುಡದಲ್ಲೇ ಇಲ್ಲ. ಆಪರೇಟರರ ಕಚೇರಿಯಲ್ಲಿರುವ ಒಎಲ್‌ಟಿ ಯಂತ್ರದಿಂದ ಮನೆಯ ಒಎನ್‌ಯು ಪೆಟ್ಟಿಗೆಯ ತನಕ ನಡುವೆ ವಿದ್ಯುತ್ ಬೇಡುವ ಸಾಧನ ಒಂದೂ ಇಲ್ಲ. ಬೆಳಕನ್ನು ಹಂಚುವ ಗಾಜಿನ ಸ್ಪ್ಲಿಟರ್ ಮಾತ್ರ. 20 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಜಿಪಾನ್ ಎಂಬ ಸಾಮಾನ್ಯ ಪದ್ಧತಿಯಲ್ಲಿ ಕೆಳಮುಖಕ್ಕೆ ಸುಮಾರು 2.5 ಗಿಗಾಬಿಟ್, ಮೇಲ್ಮುಖಕ್ಕೆ ಸುಮಾರು 1.25 ಗಿಗಾಬಿಟ್, ಅದನ್ನು ಹೆಚ್ಚೆಂದರೆ 64 ಅಥವಾ 128 ಮನೆಗಳು ಹಂಚಿಕೊಳ್ಳುತ್ತವೆ. ಹಳೆಯ ಕೇಬಲ್ ನೋಡ್‌ನ 100 ಎಂಬಿಪಿಎಸ್ ಅಪ್‌ಲೋಡ್ ಜೊತೆ ಹೋಲಿಸಿದರೆ ಹನ್ನೆರಡು ಪಟ್ಟು ಅಗಲದ ದಾರಿ.

ಫೈಬರ್‌ಗೆ ತೊಂದರೆಯೇ ಇಲ್ಲವೆಂದಲ್ಲ. ಅಳಿಲು ಕಡಿಯುತ್ತದೆ, ಸೋಗೆ ಬಿದ್ದರೆ ತುಂಡಾಗುತ್ತದೆ, ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಚಿದರೆ ಬೆಳಕು ಸೋರುತ್ತದೆ. ಕೋಆಕ್ಸಿಯಲ್ ತುಂಡಾದರೆ ಇಕ್ಕಳವೊಂದಿದ್ದರೆ ಸಾಕು, ಹತ್ತು ನಿಮಿಷದ ಕೆಲಸ. ಫೈಬರ್ ಜೋಡಿಸಲು ಸ್ಪ್ಲೈಸಿಂಗ್ ಯಂತ್ರವೂ ಅದನ್ನು ಬಲ್ಲ ಕೈಯೂ ಬೇಕು. ಆಧಾರಕ್ಕೆ ಲೋಹದ ತಂತಿ ಇರುವ ಫೈಬರ್ ಕೇಬಲ್ ಆದರೆ ಸಿಡಿಲಿನ ಭಯ ಪೂರ್ತಿ ತಪ್ಪುವುದೂ ಇಲ್ಲ. ಇಷ್ಟಾದರೂ, ಚದುರಿದ ಮನೆಗಳ ಊರಿನಲ್ಲಿ ಹಳೆಯ ಕೋಆಕ್ಸಿಯಲ್ ತೆಗೆದು ಹೊಸ ಕೋಆಕ್ಸಿಯಲ್ ಹಾಕುವುದಕ್ಕೆ ಅರ್ಥವಿಲ್ಲ. ಹೇಗೂ ಏಣಿ ಹತ್ತುವುದಾದರೆ ಒಂದೇ ಸಲಕ್ಕೆ ಮನೆತನಕ ಫೈಬರ್ ಎಳೆಯುವುದು ಸರಿ. ಕಾಸರಗೋಡು ಪೇಟೆ, ಕಾಞಂಗಾಡಿನಂಥ ಕಡೆ ಹತ್ತಾರು ಮನೆಗಳಿರುವ ಕಟ್ಟಡಗಳಲ್ಲಿ ಮಾತ್ರ, ಕೆಳಗಡೆ ನೋಡ್ ಇಟ್ಟು ಒಳಗಿನ ಕೇಬಲ್ ಉಳಿಸಿಕೊಳ್ಳುವುದು ಇನ್ನೂ ಕೆಲವು ವರ್ಷಗಳಿಗೆ ಬುದ್ಧಿವಂತಿಕೆಯ ದಾರಿ. ಗೋಡೆ ಒಡೆಯಬೇಕಾಗಿಲ್ಲ, ಅಂತರವೂ ಕಡಿಮೆ.

ಕನ್ನಡ ಚಾನೆಲ್‌ಗಳು ಏಕಾಏಕಿ ಮಾಯವಾಗುವುದೇಕೆ

ಗಡಿನಾಡಿನ ಕನ್ನಡಿಗರಿಗೆ ಕೇಬಲ್ ಎಂದರೆ ಬರೀ ಇಂಟರ್‌ನೆಟ್ ಅಲ್ಲ. ಕೇರಳದ ಪ್ಯಾಕೇಜ್‌ಗಳಲ್ಲಿ ಮಲಯಾಳಂ ಚಾನೆಲ್‌ಗಳಿಗೆ ಮೊದಲ ಜಾಗ ಇರುವುದು ಸಹಜ. ಕನ್ನಡ ಚಾನೆಲ್‌ಗಳು ಬೇಕೆಂದರೆ ಕೇಳಿ ಹಾಕಿಸಿಕೊಳ್ಳಬೇಕು. 2019ರ ಫೆಬ್ರುವರಿಯಿಂದ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ದರ ನಿಯಮದ ಪ್ರಕಾರ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನೋಡುಗರಿಗಿದೆ.

ಮೇಲ್ದರ್ಜೆಯ ಕೆಲಸ ಇಲ್ಲಿಗೆ ಎರಡು ಬಗೆಯಲ್ಲಿ ತಾಗುತ್ತದೆ. ಅಪ್‌ಲೋಡ್ ದಾರಿಯನ್ನು ಹಿಗ್ಗಿಸಿದಾಗ ಕೆಳಗಿನ ಆವರ್ತನಗಳಲ್ಲಿದ್ದ ಟಿವಿ ಪಟ್ಟಿಗಳನ್ನು ಮೇಲಕ್ಕೆ ಸಾಗಿಸಬೇಕಾಗುತ್ತದೆ. ಚಾನೆಲ್ ನಂಬರ್ ಬದಲಾಗದಿದ್ದರೂ ಅದು ಕೂತಿರುವ ಜಾಗ ಬದಲಾಗುತ್ತದೆ. ಸೆಟ್‌ಟಾಪ್ ಬಾಕ್ಸ್ ಹೊಸದಾಗಿ ಹುಡುಕಿಕೊಳ್ಳದಿದ್ದರೆ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ. ಚಾನೆಲ್ ತೆಗೆದುಹಾಕಿದರು ಎಂಬ ಗುಮಾನಿ ಹುಟ್ಟುವುದು ಆಗಲೇ. ಹೆಚ್ಚಿನ ಸಲ ಬಾಕ್ಸ್‌ನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಸರಿಹೋಗುತ್ತದೆ.

ಎರಡನೆಯದು ಇನ್ನೂ ಗಂಭೀರ. ಫೈಬರ್‌ಗೆ ಬದಲಾದಾಗ ಟಿವಿ ಎರಡು ರೀತಿಯಲ್ಲಿ ಬರಬಹುದು. ಅದೇ ಫೈಬರ್‌ನಲ್ಲಿ ಬೇರೊಂದು ಬಣ್ಣದ ಬೆಳಕಿನ ಮೇಲೆ ಟಿವಿ ಸಂಕೇತ ಕಳಿಸಿದರೆ ಹಳೆಯ ಬಾಕ್ಸೇ ಸಾಕು, ಇಂಟರ್‌ನೆಟ್ ನಿಂತರೂ ಟಿವಿ ನಡೆಯಬಲ್ಲದು. ಇಂಟರ್‌ನೆಟ್ ಮೂಲಕವೇ ಟಿವಿ ಕಳಿಸಿದರೆ ಹೊಸ ಬಾಕ್ಸ್ ಬೇಕು, ಇಂಟರ್‌ನೆಟ್ ಕೈಕೊಟ್ಟರೆ ಟಿವಿಯೂ ಇಲ್ಲ. ಮನೆಯಲ್ಲಿ ಸಂಜೆ ಕನ್ನಡ ವಾರ್ತೆ ಬಿಟ್ಟು ಬೇರೇನೂ ನೋಡದ ಹಿರಿಯರಿದ್ದರೆ ಈ ವ್ಯತ್ಯಾಸ ಬಹಳ ದೊಡ್ಡದು. ಫೈಬರ್ ಹಾಕಲು ಬಂದವರು ಇದನ್ನು ತಾವಾಗಿ ಹೇಳಬೇಕು, ಹೇಳದಿದ್ದರೆ ನಾವು ಕೇಳಬೇಕು.

ಆಪರೇಟರರ ವಾದ, ಸರ್ಕಾರದ ವಾದ

ಸ್ಥಳೀಯ ಕೇಬಲ್ ಆಪರೇಟರರ ಕಷ್ಟವನ್ನು ಹಗುರವಾಗಿ ನೋಡುವಂತಿಲ್ಲ. ಡಾಕ್ಸಿಸ್ ಜಾಲ ನಡೆಸಲು ಬೇಕಾದ ಕೇಂದ್ರ ಯಂತ್ರ ದುಬಾರಿ, ಅದು ದೊಡ್ಡ ಕಂಪನಿಯ ಕೈಯಲ್ಲಿರುತ್ತದೆ. 3.1 ಮೋಡೆಮ್‌ಗಳಿಗೆ ನಮ್ಮ ದೇಶದಲ್ಲಿ ಬೇಡಿಕೆ ಕಡಿಮೆ, ಆದ್ದರಿಂದ ಬೆಲೆಯೂ ಇಳಿದಿಲ್ಲ. ಫೈಬರ್‌ನ ಒಎಲ್‌ಟಿ, ಒಎನ್‌ಯುಗಳು ಅಗ್ಗವಾಗಿವೆ, ಸಣ್ಣ ಆಪರೇಟರೂ ತಾನೇ ಕೊಂಡು ಶುರುಮಾಡಬಹುದು. ಕೇರಳದಲ್ಲಿ ಸಣ್ಣ ಆಪರೇಟರರು ಒಟ್ಟಾಗಿ ಕೇರಳ ವಿಷನ್ ಹೆಸರಿನಲ್ಲಿ ತಮ್ಮದೇ ಕಂಪನಿ ಕಟ್ಟಿಕೊಂಡಿರುವುದರಿಂದ ಫೈಬರ್‌ಗೆ ಜಿಗಿಯುವುದು ಅವರಿಗೆ ಇನ್ನಷ್ಟು ಸುಲಭವಾಯಿತು. ಬೇರೆ ರಾಜ್ಯಗಳಲ್ಲಿ ಆದದ್ದು ಬೇರೆ. ಹ್ಯಾಥ್‌ವೇ ಮತ್ತು ಡೆನ್‌ನಂಥ ದೊಡ್ಡ ಕೇಬಲ್ ಕಂಪನಿಗಳಲ್ಲಿ 2018ರಲ್ಲಿ ರಿಲಯನ್ಸ್ ಪಾಲು ಕೊಂಡಿತು, ಅವುಗಳ ಹಾದಿಯನ್ನು ದೊಡ್ಡವರೇ ನಿರ್ಧರಿಸತೊಡಗಿದರು.

ಆಪರೇಟರರ ದೊಡ್ಡ ಖರ್ಚು ಕಂಬ. ಕೇಬಲ್ ಹೋಗುವುದು ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕಂಬಗಳ ಮೇಲೆ, ಅದಕ್ಕೆ ಬಾಡಿಗೆ ಕಟ್ಟಬೇಕು. ಪೇಟೆಯಲ್ಲಿ ಒಂದು ಕಂಬಕ್ಕೆ ಹತ್ತು ಗ್ರಾಹಕರು ಸಿಗಬಹುದು, ತೋಟದ ಊರಿನಲ್ಲಿ ಒಬ್ಬ ಗ್ರಾಹಕನಿಗೆ ಮೂರು ನಾಲ್ಕು ಕಂಬ ದಾಟಬೇಕು. ತಲಪಾಡಿಯಿಂದ ಚೆಂಗಳದ ತನಕ ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಕಂಬಗಳು ಸ್ಥಳಾಂತರವಾದವು, ಕೇಬಲ್‌ಗಳು ತುಂಡಾದವು, ಮತ್ತೆ ಎಳೆಯುವ ಖರ್ಚು ಬಿತ್ತು. ಈ ಭಾರದ ನಡುವೆ ಒಳನಾಡಿಗೆ ಫೈಬರ್ ಹಾಕು ಎಂದರೆ ಅವರು ಹಿಂದೆಮುಂದೆ ನೋಡುವುದು ಸಹಜ.

ಕೇರಳ ಸರ್ಕಾರದ ಉತ್ತರ ಕೆಫೋನ್. ಇಂಟರ್‌ನೆಟ್ ನಾಗರಿಕರ ಹಕ್ಕು ಎಂಬ ನಿಲುವಿನ ಮೇಲೆ ನಿಂತ ಯೋಜನೆ ಇದು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟ್ ಕೂಡ 2019ರಲ್ಲಿ ಫಹೀಮಾ ಶಿರಿನ್ ಪ್ರಕರಣದಲ್ಲಿ ಹೇಳಿದೆ. ಕೆಎಸ್‌ಇಬಿ ಕಂಬಗಳ ಮೇಲೆಯೇ ರಾಜ್ಯದುದ್ದಕ್ಕೂ ಎಳೆದ ಈ ಫೈಬರ್ ಜಾಲ 2023ರ ಜೂನ್ 5ರಂದು ಉದ್ಘಾಟನೆಯಾಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಎಂಬುದು ಘೋಷಿತ ಗುರಿ. ಮೊದಲ ಹಂತಕ್ಕೆ ಇಟ್ಟುಕೊಂಡದ್ದು ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ನೂರು ಮನೆ, ಅಂದರೆ 140 ಕ್ಷೇತ್ರಗಳಿಗೆ 14,000. ಮಂಜೇಶ್ವರ ಕ್ಷೇತ್ರದ ಪಾಲಿಗೆ ನೂರು. ಗುರಿಗೂ ಆರಂಭಕ್ಕೂ ನಡುವಿನ ಈ ಅಂತರವೇ ಟೀಕಾಕಾರರ ಮುಖ್ಯ ವಾದ. ಬೆಂಬಲಿಸುವವರ ಮಾತಿನಲ್ಲೂ ತೂಕವಿದೆ: ಊರಿನ ತನಕದ ದೊಡ್ಡ ಫೈಬರ್ ಒಮ್ಮೆ ಬಂದರೆ, ಅಲ್ಲಿಂದ ಮನೆಗೆ ಎಳೆಯುವ ಕೆಲಸವನ್ನು ಸ್ಥಳೀಯ ಕೇಬಲಿನವರೇ ಮಾಡಬಹುದು. ಕೆಫೋನ್ ಅವರನ್ನು ಜೊತೆಗೆ ತೆಗೆದುಕೊಂಡಿರುವುದೂ ಅದಕ್ಕೇ. ಕಾಸರಗೋಡಿನ ಒಳನಾಡಿಗೆ ಇದೇ ಕಾರ್ಯಸಾಧ್ಯ ದಾರಿ ಎಂದು ನನಗನಿಸುತ್ತದೆ. ದೂರದ ಭಾರ ಸರ್ಕಾರದ ಹೆಗಲಿಗೆ, ಕೊನೆಯ ಐನೂರು ಮೀಟರ್ ಊರಿನ ಆಪರೇಟರರ ಹೆಗಲಿಗೆ.

ತಲಪಾಡಿಯ ಗೆರೆ

ಮಂಗಳೂರು ಇಷ್ಟು ಹತ್ತಿರವಿದ್ದೂ ಅಲ್ಲಿನ ಸ್ಥಳೀಯ ಕಂಪನಿಯ ಇಂಟರ್‌ನೆಟ್ ಮಂಜೇಶ್ವರಕ್ಕೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಕಾರಣ ತಾಂತ್ರಿಕವಲ್ಲ. ಇಲ್ಲಿಯವರೆಗಿನ ಪರವಾನಗಿ ಪದ್ಧತಿಯಲ್ಲಿ ಇಂಟರ್‌ನೆಟ್ ಕಂಪನಿಗಳು ಎ, ಬಿ, ಸಿ ಎಂದು ಮೂರು ವರ್ಗ. ಎ ವರ್ಗಕ್ಕೆ ಇಡೀ ದೇಶ, ಬಿ ವರ್ಗಕ್ಕೆ ಒಂದು ಟೆಲಿಕಾಂ ವೃತ್ತ (ಹೆಚ್ಚುಕಮ್ಮಿ ಒಂದು ರಾಜ್ಯದಷ್ಟು), ಸಿ ವರ್ಗಕ್ಕೆ ಅದಕ್ಕಿಂತ ಸಣ್ಣ ಪ್ರದೇಶ. ಕರ್ನಾಟಕ ವೃತ್ತದ ಬಿ ವರ್ಗದ ಕಂಪನಿ ತಲಪಾಡಿಯ ಈಚೆಗೆ ಒಂದು ಮನೆಗೂ ಸಂಪರ್ಕ ಕೊಡುವಂತಿಲ್ಲ. ಗೆರೆಯ ಎರಡೂ ಬದಿಗೆ ಒಂದೇ ತೋಟ ಇದ್ದರೂ ಅಷ್ಟೇ. ಹೀಗಾಗಿ ಗಡಿ ಪಂಚಾಯಿತುಗಳು ಎರಡೂ ಕಡೆಯ ಕಂಪನಿಗಳಿಗೆ ಜಾಲದ ಕೊನೆಯ ತುದಿಯಾಗಿ ಉಳಿಯುತ್ತವೆ, ತುದಿಗೆ ದುರಸ್ತಿಯವರು ತಡವಾಗಿ ಬರುತ್ತಾರೆ. 2023ರ ದೂರಸಂಪರ್ಕ ಕಾಯ್ದೆಯಡಿ ಪರವಾನಗಿ ಪದ್ಧತಿ ಬದಲಾಗುತ್ತಿರುವಾಗ ಗಡಿ ತಾಲೂಕುಗಳಿಗೆ ಎರಡೂ ವೃತ್ತಗಳ ಸೇವೆ ಸಿಗುವಂತೆ ಸಡಿಲಿಕೆ ಕೇಳುವುದು ನ್ಯಾಯವಾದ ಬೇಡಿಕೆ.

ಮುಂದೆ ಆಗಬಹುದಾದದ್ದು

ಪೇಟೆಯ ಗ್ರಾಹಕರು ಮೊದಲು ಫೈಬರ್‌ಗೆ ಹೋಗುತ್ತಾರೆ. ಆಗ ಹಳೆಯ ಕೇಬಲ್‌ನಲ್ಲಿ ಉಳಿದವರ ಸಂಖ್ಯೆ ಇಳಿಯುತ್ತದೆ. ಆದರೆ ಆಂಪ್ಲಿಫೈಯರ್‌ಗಳ ವಿದ್ಯುತ್ ಬಿಲ್, ಕಂಬದ ಬಾಡಿಗೆ, ದುರಸ್ತಿ ಖರ್ಚು ಇಳಿಯುವುದಿಲ್ಲ. ಉಳಿದ ಕೆಲವರ ಮೇಲೆ ತಲಾ ಖರ್ಚು ಏರುತ್ತದೆ. ಏರಿದಂತೆ ಆಪರೇಟರರು ದುರಸ್ತಿಯನ್ನು ಮುಂದೂಡುತ್ತಾರೆ. ದುರಸ್ತಿ ತಡವಾದಂತೆ ಇನ್ನಷ್ಟು ಮಂದಿ ಬಿಡುತ್ತಾರೆ. ಕೊನೆಗೆ ಜಾಲದ ತುದಿಯಲ್ಲಿ ಉಳಿಯುವವರು ಬೇರೆ ದಾರಿಯಿಲ್ಲದವರು. ಅವರಿಗೆ 5ಜಿ ಮೂಲಕ ಬರುವ ಏರ್‌ಫೈಬರ್ ಒಂದು ಆಯ್ಕೆ, ಆದರೆ ಗುಡ್ಡದ ಮರೆಯ ಮನೆಗೆ ಟವರ್ ಕಾಣಬೇಕಲ್ಲ. ಈ ಸರಪಳಿ ಆರಂಭವಾಗುವ ಮೊದಲೇ ತುದಿಯ ಊರುಗಳಿಗೆ ದಿನಾಂಕ ನಿಗದಿ ಮಾಡಿ ಫೈಬರ್ ಎಳೆಯಬೇಕು, ತುದಿಯಿಂದ ಶುರುಮಾಡಿದರೆ ಇನ್ನೂ ಒಳ್ಳೆಯದು.

ವೇಗದ ಕನಿಷ್ಠ ಮಟ್ಟದ ವಿಷಯದಲ್ಲಿ ಕಾನೂನಿನ ಆಸರೆ ದುರ್ಬಲ. 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2 ಎಂಬಿಪಿಎಸ್ ಸಾಕು. ಅದಕ್ಕೂ ಮೊದಲು 512 ಕೆಬಿಪಿಎಸ್ ಇತ್ತು. 50ರವರೆಗೆ ಸಾಮಾನ್ಯ, 300ರವರೆಗೆ ವೇಗದ್ದು, ಅದರ ಮೇಲೆ ಅತಿವೇಗದ್ದು ಎಂದು ವಿಂಗಡಿಸುವಂತೆ ಟ್ರಾಯ್ 2021ರಲ್ಲಿ ಶಿಫಾರಸು ಮಾಡಿತ್ತು. ಅಪ್‌ಲೋಡ್‌ಗೆ ಪ್ರತ್ಯೇಕವಾಗಿ ಮಹತ್ವ ಕೊಡದೆ ಈ ಲೆಕ್ಕಗಳು ಪೂರ್ಣವಾಗುವುದಿಲ್ಲ.

ಸಹಿ ಹಾಕುವ ಮೊದಲು

ಈಗಿನ ಕೇಬಲ್ ಸಂಪರ್ಕ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು ಬಹುತೇಕ ಕೇಬಲ್ ಮೋಡೆಮ್‌ಗಳಲ್ಲಿ ದಾರಿಯಿದೆ. ಬ್ರೌಸರ್‌ನಲ್ಲಿ 192.168.100.1 ಎಂದು ಹೊಡೆದರೆ ಸಂಕೇತದ ಮಟ್ಟ ತೋರಿಸುವ ಪುಟ ತೆರೆದುಕೊಳ್ಳುತ್ತದೆ. ಕೆಳಮುಖದ ಶಕ್ತಿ ಸೊನ್ನೆಯ ಆಚೀಚೆ ಏಳೆಂಟು ಅಂಕದೊಳಗೆ, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಂಕೇತ ಎಷ್ಟು ಬಲವಾಗಿದೆ ಎಂಬ ಅಳತೆ) 33ಕ್ಕಿಂತ ಮೇಲೆ ಇದ್ದರೆ ಸಂಕೇತ ಚೆನ್ನಾಗಿದೆ. ಆಗಲೂ ಸಂಜೆ ಹೊತ್ತು ನಿಧಾನವಾದರೆ ದೋಷ ನೋಡ್‌ನ ಸಂದಣಿಯದು, ನೋಡ್ ಒಡೆಯಲು ಕೇಳಬಹುದು. ಎಸ್‌ಎನ್‌ಆರ್ ಕುಸಿದಿದ್ದರೆ ಎಲ್ಲೋ ಕನೆಕ್ಟರಿಗೆ ನೀರು ಇಳಿದಿರಬಹುದು, ಅದನ್ನು ಸರಿಪಡಿಸಿದರೇ ಸಾಕಾಗಬಹುದು.

ಫೈಬರ್‌ಗೆ ಬದಲಾಗುವುದಾದರೆ ಅಪ್‌ಲೋಡ್ ವೇಗ ಎಷ್ಟೆಂದು ಬರಹದಲ್ಲಿ ಪಡೆಯಬೇಕು. ಒಎನ್‌ಯು ಯಾರ ಸ್ವತ್ತು, ಠೇವಣಿ ಹಿಂದಕ್ಕೆ ಬರುತ್ತದೆಯೇ, ಟಿವಿ ಯಾವ ರೀತಿಯಲ್ಲಿ ಬರುತ್ತದೆ, ಒಎಲ್‌ಟಿ ಇರುವ ಕಚೇರಿಯಲ್ಲಿ ವಿದ್ಯುತ್ ಹೋದರೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದೂ ತಿಳಿದಿರಲಿ. ಒಪ್ಪಂದದ ನಮೂನೆ ಕನ್ನಡದಲ್ಲಿ ಬೇಕೆಂದು ಕೇಳಲು ಹಿಂಜರಿಯಬೇಕಾಗಿಲ್ಲ. ಕಾಸರಗೋಡಿನಲ್ಲಿ ಕನ್ನಡ ಹೊರಗಿನ ಭಾಷೆಯಲ್ಲ, ಓದಿ ಅರ್ಥವಾಗದ ಕಾಗದಕ್ಕೆ ಯಾರೂ ಸಹಿ ಹಾಕಬೇಕಾದದ್ದೂ ಇಲ್ಲ.

ಹಳೆಯ ಕೇಬಲನ್ನು ಯಾರು ಇಳಿಸುತ್ತಾರೆ ಎಂಬುದನ್ನು ಅದೇ ದಿನ ಕೇಳಿ. ಜೀವವಿಲ್ಲದ ಕಪ್ಪು ಕೇಬಲ್‌ಗಳು ಕಂಬದಿಂದ ಕಂಬಕ್ಕೆ ಜೋತುಬಿದ್ದು, ಶಾಲೆಗೆ ಹೋಗುವ ಮಕ್ಕಳ ತಲೆಯ ಎತ್ತರಕ್ಕೆ ಇಳಿದಿರುವುದು ಈ ಜಿಲ್ಲೆಯ ಒಳರಸ್ತೆಗಳಲ್ಲಿ ಅಪರೂಪದ ನೋಟವಲ್ಲ. ಹೊಸ ಫೈಬರ್ ಹಾಕಲು ಏಣಿ ಏರಿದವರೇ ಹಳೆಯದನ್ನು ಬಿಚ್ಚಿಕೊಂಡು ಇಳಿಯಲಿ.